ಪದಚರ್ಚೆ: ಗುಣೋತ್ತರ ವಿತರಣೆಯೋ, ಜ್ಯಾಮಿತೀಯ ವಿತರಣೆಯೋ?

ಪ್ರಶ್ನೆ:
ಪದವಿ ತರಗತಿಯ ಸಂಭವನೀಯತೆ ಪಾಠವೊಂದು ಕನ್ನಡಕ್ಕೆ ಬರುತ್ತಿದೆ. ‘ಜಿಯೊಮೆಟ್ರಿಕ್ ಡಿಸ್ಟ್ರಿಬ್ಯೂಷನ್’ ಎಂಬುದಕ್ಕೆ ಕರಡಿನಲ್ಲಿ ‘ಜ್ಯಾಮಿತೀಯ ವಿತರಣೆ’ ಎಂದಿದೆ. ಶಾಲೆಯಲ್ಲಿ 2, 6, 18, 54 ಎಂಬುದನ್ನು ಗುಣೋತ್ತರ ಶ್ರೇಢಿ ಎಂದೇ ಕಲಿತವರು ಇಲ್ಲಿ ರೇಖೆ, ವೃತ್ತ ಹುಡುಕುವುದಿಲ್ಲವೇ? ಅಲ್ಲದೆ, ‘ಗುಣೋತ್ತರ’ದಲ್ಲಿರುವ ‘ಉತ್ತರ’ ಯಾವುದು? ತಿಳಿದವರು ಹೇಳಬೇಕು.

ಉತ್ತರ:
ಈ ‘ಉತ್ತರ’ ದಿಕ್ಕೂ ಅಲ್ಲ, ಪ್ರಶ್ನೆಯ ಜೋಡಿಯೂ ಅಲ್ಲ. ಶ್ರೇಢಿಯಲ್ಲಿ ಒಂದು ಪದದಿಂದ ಮುಂದಿನದಕ್ಕೆ ಆಗುವ ಏರಿಕೆಯನ್ನು ಆರ್ಯಭಟೀಯದ ಗಣಿತಪಾದ ‘ಉತ್ತರ’ ಎನ್ನುತ್ತದೆ. ‘ಚಯ’ ಎಂದರೂ ಅದೇ. ಏರಿಕೆ ಗುಣಾಕಾರದಿಂದ ಆದರೆ ಗುಣೋತ್ತರ. ಲೀಲಾವತಿಯ (1150) ಮೊತ್ತದ ಸೂತ್ರ ‘ಗುಣೋತ್ತರೇ ಗಣಿತಮ್’ ಎಂದೇ ಮುಗಿಯುತ್ತದೆ. ನಿಮ್ಮ ಶ್ರೇಢಿಗೇ ಹಚ್ಚಿ ನೋಡಿ: ನಾಲ್ಕು ಪದಗಳಿವೆ, ಆದ್ದರಿಂದ ಗುಣಕ 3ರ ನಾಲ್ಕನೇ ಘಾತ 81. ಒಂದು ಕಳೆದರೆ 80. ಗುಣಕದಲ್ಲಿ ಒಂದು ಕಳೆದ 2ರಿಂದ ಭಾಗಿಸಿದರೆ 40. ಆದಿಪದ 2ರಿಂದ ಗುಣಿಸಿದರೆ ಮತ್ತೆ 80, ಅದೇ ಮೊತ್ತ.

ಗ್ರೀಕರು ಇದನ್ನು ಗೆರೆಗಳಲ್ಲಿ ಕಂಡರು. ಯೂಕ್ಲಿಡ್‌ನ ಆರನೇ ಪುಸ್ತಕದ 13ನೇ ಪ್ರಮೇಯದಂತೆ, 4 ಮತ್ತು 9ರ ಗೆರೆಗಳನ್ನು ಉದ್ದಕ್ಕೆ ಜೋಡಿಸಿ, 13ನ್ನು ವ್ಯಾಸವಾಗಿಟ್ಟು ಅರ್ಧವೃತ್ತ ಎಳೆಯಿರಿ. ಗೆರೆಗಳು ಕೂಡುವಲ್ಲಿ ಎಬ್ಬಿಸಿದ ಲಂಬ ವೃತ್ತವನ್ನು ಮುಟ್ಟುವಷ್ಟರಲ್ಲಿ 6 ಆಗಿರುತ್ತದೆ. 4, 6, 9: ಗುಣೋತ್ತರ ಶ್ರೇಢಿ! ನಡುವೆ ಬಂದ 6 ಎಂಬುದು 4 ಮತ್ತು 9ರ ಮಾಧ್ಯ (‘ಜಿಯೊಮೆಟ್ರಿಕ್ ಮೀನ್’). ಆದ್ದರಿಂದ ಮಾಧ್ಯದ ಮಟ್ಟಿಗೆ ಎರಡು ಹೆಸರಿಗೂ ನ್ಯಾಯವಿದೆ. ಆದರೂ ರೂಢಿಯಲ್ಲಿರುವ ‘ಗುಣೋತ್ತರ ಮಾಧ್ಯ’ವೇ ಇರಲಿ.

ವಿತರಣೆಗೆ ಮಾತ್ರ ‘ಗುಣೋತ್ತರ’ವೇ ಸರಿ. ದಾಳದಲ್ಲಿ ಮೊದಲ ಸಲ ಆರು ಬೀಳುವುದು ಒಂದನೇ, ಎರಡನೇ, ಮೂರನೇ ಎಸೆತದಲ್ಲಿ ಆಗುವ ಸಂಭವನೀಯತೆ ಕ್ರಮವಾಗಿ 1/6, 5/36, 25/216. ಪ್ರತಿಯೊಂದೂ ಹಿಂದಿನದರ 5/6. ಅನುವಾದ ಎಡವುವುದು ಹೆಸರಿಗಿಂತ ವ್ಯಾಖ್ಯೆಯಲ್ಲಿ: ಆರು ಬಿದ್ದ ಎಸೆತವನ್ನೂ ಸೇರಿಸಿ ಎಣಿಸಿದರೆ ಸರಾಸರಿ 6, ಅದಕ್ಕೆ ಮೊದಲಿನ ವಿಫಲ ಎಸೆತಗಳನ್ನಷ್ಟೇ ಎಣಿಸಿದರೆ 5. ಯಾವುದೆಂದು ಬರೆಯದಿದ್ದರೆ ಲೆಕ್ಕ ಒಂದರಷ್ಟು ತಪ್ಪುತ್ತದೆ.

ಹಾಗೆಂದು ಇಡೀ ಕರಡಿನಲ್ಲಿ ‘ಜ್ಯಾಮಿತೀಯ’ವನ್ನು ಒಂದೇ ಏಟಿಗೆ ಬದಲಿಸಬೇಡಿ. ಬಫನ್‌ನ ಸೂಜಿ (ಗೀಟೆಳೆದ ನೆಲದ ಮೇಲೆ ಸೂಜಿ ಬೀಳಿಸುವ ಲೆಕ್ಕ) ‘ಜ್ಯಾಮಿತೀಯ ಸಂಭವನೀಯತೆ’ಯೇ: ಸಮಾಂತರ ಗೀಟುಗಳ ಅಂತರವೂ ಸೂಜಿಯ ಉದ್ದವೂ ಒಂದೇ ಆಗಿದ್ದರೆ, ಸೂಜಿ ಗೀಟನ್ನು ದಾಟಿ ಬೀಳುವ ಸಂಭವನೀಯತೆ 2/ಪೈ, ಸುಮಾರು 0.637. ಅಲ್ಲಿ ಗುಣಕವೂ ಇಲ್ಲ, ಶ್ರೇಢಿಯೂ ಇಲ್ಲ. ಅಳೆಯುವುದು ಕೋನ ಮತ್ತು ದೂರಗಳನ್ನು.