ಅಂಕಲ್ ಅಂದರೆ ಅಸಲಿಗೆ ಸೋದರಮಾವ

ಮೊನ್ನೆ ನಮ್ಮ ಹೊರನಾಡ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು, ಹೊರದೇಶದಲ್ಲಿ ಬೆಳೆಯೋ ನಮ್ಮ ಮಕ್ಕಳು ಊರಲ್ಲಿರೋ ಬಂಧುಬಳಗವನ್ನೆಲ್ಲ ಅಂಕಲ್, ಆಂಟಿ ಅಂತ ಒಂದೇ ಗಂಟಿಗೆ ಕಟ್ಟಿಬಿಡ್ತಾರೆ, ಏನು ಮಾಡೋದು ಅಂತ. ಎರಡು ಸಾಲು ಉತ್ತರ ಬರೆಯೋಣ ಅಂತ ಕೂತೆ, ಉದ್ದವಾಯ್ತು. ಬೇಸರ ಮಾಡ್ಕೋಬೇಡಿ.

ನಮ್ಮ ಮನೇಲಿ ಇದು ಮುನಿಸಿನವರೆಗೂ ಹೋಗಿತ್ತು. ಯುಗಾದಿ ದಿನ ವಿಡಿಯೋ ಕಾಲ್‌ನಲ್ಲಿ ನನ್ನ ಮಗ ಸಾಗರದಲ್ಲಿರೋ ನನ್ನಣ್ಣನಿಗೆ "ಹಾಯ್ ಅಂಕಲ್" ಅಂದುಬಿಟ್ಟ. ಅಣ್ಣನ ಮುಖ ಇಷ್ಟಾಯ್ತು. "ಕಿವಿ ಚುಚ್ಚಿಸುವಾಗ ಇವನನ್ನ ತೊಡೆ ಮೇಲೆ ಕೂರಿಸ್ಕೊಂಡವನು ನಾನು. ನಾನೇನು ಪಕ್ಕದ್ಮನೆ ಅಂಕಲ್ಲಾ?" ಅಂತ ಕೇಳಿದ. ಆಮೇಲೆ ಒಂದು ವಾರ ಫೋನಿಲ್ಲ.

ಇಂಗ್ಲಿಷಿಗೆ ಸಂಬಂಧಗಳ ಬೆಲೆ ಗೊತ್ತಿಲ್ಲ ಅಂತ ನಾನೂ ನಿಮ್ಮಲ್ಲಿ ಹಲವರ ಹಾಗೆ ಬೈದುಕೊಂಡೆ. ಆದರೆ ಆ ಪದ ಎಲ್ಲಿಂದ ಬಂತು ಅಂತ ನೋಡಿದಾಗ ಬೈದಿದ್ದು ತಪ್ಪು ಅನ್ನಿಸ್ತು.

ಅಂಕಲ್ ಬಂದಿದ್ದು ಲ್ಯಾಟಿನ್ನಿನ 'ಅವುಂಕುಲುಸ್'ನಿಂದ, ಹಳೆಯ ಫ್ರೆಂಚ್ ದಾರಿಯಾಗಿ. 'ಅವುಸ್' ಅಂದರೆ ಅಜ್ಜ, ಅವುಂಕುಲುಸ್ ಅಂದರೆ ಪುಟ್ಟಜ್ಜ. ರೋಮನ್ನರು ಹಾಗೆ ಕರೀತಾ ಇದ್ದಿದ್ದು ಅಮ್ಮನ ಅಣ್ಣತಮ್ಮಂದಿರನ್ನ ಮಾತ್ರ. ಅಪ್ಪನ ಅಣ್ಣತಮ್ಮಂದಿರಿಗೆ ಬೇರೆ ಪದ, 'ಪತ್ರುವುಸ್'. ಅದರೊಳಗೆ 'ಪಾತೆರ್', ಅಂದರೆ ಅಪ್ಪ, ಕೂತಿದ್ದಾನೆ, ನಮ್ಮ ದೊಡ್ಡಪ್ಪ ಚಿಕ್ಕಪ್ಪನೊಳಗೆ ಅಪ್ಪ ಕೂತಿರೋ ಹಾಗೆ. ಅಮ್ಮನ ಅಕ್ಕತಂಗಿಯರು 'ಮಾತೆರ್ತೆರಾ', ಅದರೊಳಗೆ ಅಮ್ಮ. ಅಪ್ಪನ ಅಕ್ಕತಂಗಿಯರು 'ಅಮಿತಾ', ಇಂಗ್ಲಿಷಿನ ಆಂಟ್ ಹುಟ್ಟಿದ್ದು ಇದರಿಂದ. (ನಮ್ಮಲ್ಲಿ ಅಮಿತಾ ಅಂತ ಹೆಸರಿರೋರು ತೊಟ್ಟಿಲಲ್ಲೇ ಆಂಟಿ ಆದರು ಪಾಪ.) ಅಂದರೆ ಮೂಲಕ್ಕೆ ಹೋದರೆ ಅಂಕಲ್ ಸೋದರಮಾವ, ಆಂಟ್ ಸೋದರತ್ತೆ. ಚಿಕ್ಕಪ್ಪ, ಚಿಕ್ಕಮ್ಮ ಅದರಲ್ಲಿ ಇರಲೇ ಇಲ್ಲ!

ಇಂಗ್ಲಿಷಿನವರ ಸ್ವಂತ ಪದಗಳೂ ಹೀಗೇ ಇದ್ದವು. ಹಳೆಯ ಇಂಗ್ಲಿಷಿನಲ್ಲಿ ಸೋದರಮಾವನಿಗೆ 'ಏಆಮ್', ಚಿಕ್ಕಪ್ಪ ದೊಡ್ಡಪ್ಪನಿಗೆ 'ಫ್ಯಾದೆರ', ಸೋದರತ್ತೆಗೆ 'ಫಾದು', ಚಿಕ್ಕಮ್ಮ ದೊಡ್ಡಮ್ಮನಿಗೆ 'ಮೋದ್ರಿಯೆ'. 1066ರಲ್ಲಿ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡನ್ನ ಆಳೋಕೆ ಶುರುಮಾಡಿದ ಮೇಲೆ ಫ್ರೆಂಚ್ ದೊಡ್ಡವರ ಮನೆಯ ಮಾತಾಯ್ತು. 13ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನೊಳಗೆ ಅಂಕಲ್ ಕಾಣಿಸಿಕೊಳ್ತಾನೆ. ಅದು ಎರಡೂ ಕಡೆಯವರಿಗೆ ಸಲ್ಲೋ ಪದವಾಗಿ, ಹಳೆಯವು ಒಂದೊಂದಾಗಿ ಉದುರಿದವು. 14ನೇ ಶತಮಾನದ ಕವಿ ಚಾಸರ್ ಒಂದೇ ಕಾವ್ಯದಲ್ಲಿ ಒಬ್ಬನೇ ಮನುಷ್ಯನನ್ನ ಹಳೆಯ ಪದದಿಂದಲೂ ಕರೆಸ್ತಾನೆ, ಅಂಕಲ್ ಅಂತಲೂ ಕರೆಸ್ತಾನೆ. ನಮ್ಮ ಮಕ್ಕಳು ಒಂದು ಸಲ ಮಾವ, ಇನ್ನೊಂದು ಸಲ ಅಂಕಲ್ ಅನ್ನೋ ಹಾಗೇ. ಆಳುವವರ ಮಾತು ಅಡುಗೆಮನೆಗೆ ಬಂದಾಗ ಏನಾಗುತ್ತೆ ಅನ್ನೋದನ್ನ ಇಂಗ್ಲಿಷಿನವರು ನಮಗಿಂತ ಮುಂಚೆ ಅನುಭವಿಸಿದ್ದಾರೆ.

ನನ್ನ ಆಫೀಸಿನಲ್ಲಿ ಸ್ವೀಡನ್ನಿನವಳೊಬ್ಬಳಿದ್ದಾಳೆ. ಅವಳಿಗೆ ಈ ಕತೆ ಹೇಳಿದರೆ ನಕ್ಕಳು. ಅವರಲ್ಲಿ ಇವತ್ತಿಗೂ ಅಪ್ಪನ ಕಡೆಯವನು ಫಾರ್‌ಬ್ರೂರ್, ಅಮ್ಮನ ಕಡೆಯವನು ಮೂರ್‌ಬ್ರೂರ್, ಕಲಸುವ ಹಾಗಿಲ್ಲ.

ಸೋದರಮಾವನ ಪಟ್ಟ ಅಲ್ಲೂ ದೊಡ್ಡದೇ ಇತ್ತು. ಕ್ರಿ.ಶ. 98ರ ಸುಮಾರಿಗೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೀತಾ, ಅಕ್ಕತಂಗಿಯರ ಗಂಡುಮಕ್ಕಳಿಗೆ ಸೋದರಮಾವನ ಹತ್ತಿರ ಅಪ್ಪನ ಹತ್ತಿರ ಇರುವಷ್ಟೇ ಮಾನ ಅಂತಾನೆ. ಆಸ್ತಿ ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಹೋಗೋ ತುಳುನಾಡಿನ ಅಳಿಯಸಂತಾನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕಸಿನ್ ಕತೆ ಇನ್ನೂ ಚೆನ್ನ. ಲ್ಯಾಟಿನ್ನಿನ 'ಕೊನ್ಸೊಬ್ರಿನುಸ್' ಮೊದಲು ಅಕ್ಕತಂಗಿಯರ ಮಕ್ಕಳಿಗೆ ಇದ್ದ ಪದ. ಆಮೇಲೆ ಸವೆದು ಸವೆದು ಎಲ್ಲರಿಗೂ ಆಯ್ತು. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಕಸಿನ್ನೇ ಅಲ್ಲ, ಅಣ್ಣತಮ್ಮಂದಿರು! ಮಾವನ ಮಕ್ಕಳ ಲೆಕ್ಕ ಬೇರೆ. 1871ರಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಅನ್ನೋ ಅಮೆರಿಕದ ವಕೀಲ ಲೋಕದ ನೆಂಟಸ್ತನದ ಪದಗಳನ್ನೆಲ್ಲ ಪಟ್ಟಿಮಾಡಿ ಪುಸ್ತಕ ತಂದ. ಅದರಲ್ಲಿ ತಮಿಳು, ತೆಲುಗಿನ ಜೊತೆ ನಮ್ಮ ಕನ್ನಡವೂ ಇದೆ. ಅವನ ನೆರೆಯಲ್ಲಿದ್ದ ಸೆನೆಕಾ ಅನ್ನೋ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರೂ ಅಪ್ಪನ ಅಣ್ಣತಮ್ಮಂದಿರನ್ನ ಅಪ್ಪ ಅಂತಲೇ ಕರೀತಿದ್ದರು, ಅದೇ ಜೋಡಣೆ ದಕ್ಷಿಣ ಭಾರತದಲ್ಲೂ ಸಿಕ್ಕಿದ್ದು ಅವನಿಗೆ ದೊಡ್ಡ ಬೆರಗಾಗಿತ್ತು.

ಈಗ ಮಕ್ಕಳ ವಿಷಯ. ಸಂಬಂಧವಿಲ್ಲದವರಿಗೆ ಅಂಕಲ್, ಆಂಟಿ ಅನ್ನೋದನ್ನ ನಾನು ತಡೆಯೋಲ್ಲ. ಕನ್ನಡ ಸಂಘದಲ್ಲಿ ಊಟ ಬಡಿಸೋರನ್ನೆಲ್ಲ ಮಾವ ಅನ್ನಿಸೋಕಾಗುತ್ತಾ? ಬೆಂಗಳೂರಲ್ಲೇ ಆ ಪದ ಬೇರು ಬಿಟ್ಟಾಗಿದೆ. ಅಮೆರಿಕದಲ್ಲಿ ಇರೋರು ಮಾತ್ರ ಒಂದು ನೆನಪಿಡಿ. ಅಲ್ಲಿ ವಯಸ್ಸಾದ ಕಪ್ಪು ಜನರಿಗೆ ಮಿಸ್ಟರ್ ಅನ್ನೋ ಮರ್ಯಾದೆ ಕೊಡದೆ ಬಿಳಿಯರು ಅಂಕಲ್ ಅಂತ ಕರೀತಿದ್ದ ಕೆಟ್ಟ ಚರಿತ್ರೆ ಇದೆ. ಅಂಕಲ್ ಬೆನ್ಸ್ ಅಕ್ಕಿಯ ಕಂಪನಿ 2020ರಲ್ಲಿ ಹೆಸರು ಬದಲಿಸ್ತೀವಿ ಅಂತ ಹೇಳಿದ್ದು ಇದೇ ಕಾರಣಕ್ಕೆ. ನಮ್ಮ ಮಕ್ಕಳು ಗೌರವ ಅಂದುಕೊಂಡು ಆಡಿದ ಮಾತು ಪಕ್ಕದ ಮನೆಯ ಹಿರಿಯರಿಗೆ ಚುಚ್ಚಬಹುದು.

ರಕ್ತಸಂಬಂಧಕ್ಕೆ ಮಾತ್ರ ನಾನು ಹಟ ಹಿಡೀತೀನಿ. ಪಾಠ ಮಾಡಿಸಿದರೆ ನಿಲ್ಲಲ್ಲ, ನಾಲಿಗೆಗೆ ಕೆಲಸ ಬೇಕು. ಫೋನಲ್ಲಿ ಹೆಸರುಗಳನ್ನ ತೆಗೆದು 'ಸಾಗರದ ಮಾವ', 'ದೊಡ್ಡತ್ತೆ', 'ಚಿಕ್ಕಪ್ಪ' ಅಂತ ಹಾಕಿದೆ. ಗಂಟೆ ಹೊಡೆದಾಗ ಓದಿ ಹೇಳೋದು ಮಗನ ಕೆಲಸ. ನನ್ನ ಗಂಡ ಧಾರವಾಡದವರು, ಅವರ ಮನೇಲಿ ಕಾಕಾ, ಮಾಮಾ. ಎರಡೂ ಇರಲಿ ಅಂದೆ. ಯಾವುದು ಶುದ್ಧ ಅಂತ ನಾವಿಬ್ಬರು ಜಗಳಕ್ಕೆ ನಿಂತರೆ ಗೆಲ್ಲೋದು ಅಂಕಲ್ಲೇ.

ಕಷ್ಟದ ಪ್ರಶ್ನೆಗಳೂ ಬರ್ತವೆ, ತಯಾರಿರಿ. "ಅಪ್ಪನ ಅಕ್ಕ ನಂಗೆ ಅತ್ತೆ. ಧಾರವಾಡದಜ್ಜಿ ನಿಂಗೆ ಅತ್ತೆ. ಹೆಂಗೆ?" ಅಂತ ಕೇಳಿದ. ಹಿಂದೆ ಸೋದರತ್ತೆ ಮಗನನ್ನೋ ಸೋದರಮಾವನ ಮಗನನ್ನೋ ಮದುವೆಯಾಗೋದು ರೂಢಿಯಲ್ಲಿತ್ತು, ಅತ್ತೆ ಮಾವ ಅನ್ನೋ ಪದಗಳಲ್ಲಿ ಅದು ಉಳ್ಕೊಂಡಿದೆ ಅಂದೆ. ಹನ್ನೆರಡು ವರ್ಷದವನು ಸ್ವಲ್ಪ ಹೊತ್ತು ಯೋಚಿಸಿ, ಸಾಗರದ ಮಾವನ ಮಗಳನ್ನ ನೆನೆಸ್ಕೊಂಡು, "ಅವಳನ್ನ ನಾನು ಕಸಿನ್ ಅಂತಲೇ ಕರೀತೀನಿ" ಅಂದ. ನಾನೂ ಬಿಟ್ಟುಕೊಟ್ಟೆ.

ಅಣ್ಣನ ಕೋಪ ಇಳಿಸೋಕೆ ಒಂದು ಭಾನುವಾರ ಫೋನ್ ಮಾಡಿ ಈ ಲ್ಯಾಟಿನ್ ಪುರಾಣವೆಲ್ಲ ಹೇಳಿದೆ. ಲೋಕದಲ್ಲಿರೋ ಅಂಕಲ್‌ಗಳಲ್ಲೆಲ್ಲ ಅಸಲಿ ಅಂಕಲ್ ನೀನೇ ಕಣೋ ಅಂದೆ. ಆ ಕಡೆ ಎಲೆಯಡಿಕೆ ಜಗಿಯೋ ಸದ್ದು ಒಂದು ಕ್ಷಣ ನಿಂತಿತು.

"ಹಂಗಾದ್ರೆ ಉಳಿದೋರು ಆ ಪದ ಬಿಡ್ಲಿ. ಆಮೇಲೆ ನಾನು ಯೋಚನೆ ಮಾಡ್ತೀನಿ. ಅಲ್ಲೀವರ್ಗೂ ಮಾವ ಅನ್ನಕ್ಕೆ ಹೇಳು."