ಪದಚರ್ಚೆ: ಮೇಪಲ್ ಮರದ ‘ಸ್ಯಾಪ್’ ಸೊನೆಯೋ, ಹಾಲೋ, ನೀರೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ಸ್ ಬೆಟ್ಟಸಾಲಿನಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರಗಳವರೆಗೆ ನಡೆಯುವ ಮೇಪಲ್ ಸಕ್ಕರೆ ಕೆಲಸದ, ಅಂದರೆ ಮೇಪಲ್ ಮರದಿಂದ ಇಳಿಯುವ ದ್ರವವನ್ನು ಕುದಿಸಿ ಸಿರಪ್ ಮಾಡುವುದರ ಬಗ್ಗೆ ಒಂದು ಕಿರು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಆ ಕಡೆ ನೆಲೆಸಿ, ಹಿತ್ತಲಲ್ಲಿ ಮೂರೋ ನಾಲ್ಕೋ ಮೇಪಲ್ ಮರ ಇರುವ ಕನ್ನಡಿಗರು ಓದಿಕೊಂಡು ಮಾಡುವಂತಿರಬೇಕು ಎಂಬುದು ಉದ್ದೇಶ. ಕರಡಿನ ಒಂದು ವಾಕ್ಯ ಈಗ ಹೀಗಿದೆ:

“ಸಕ್ಕರೆ ಪೊದೆಯಲ್ಲಿರುವ ಮರದ ಸೊನೆಯನ್ನು ನಲ್ಲಿಯಿಂದ ಸಂಗ್ರಹಿಸಿ, ಆಲೆಮನೆಯಲ್ಲಿ ಎಳೆಪಾಕ ಬರುವವರೆಗೆ ಕುದಿಸಿ, ಸಕ್ಕರೆ ಮರಳನ್ನು ಬಟ್ಟೆಯಲ್ಲಿ ಸೋಸಿ ತೆಗೆಯಿರಿ.”

ಮೂಲದ ಪದಗಳು ಶುಗರ್‌ಬುಷ್, ಸ್ಯಾಪ್, ಟ್ಯಾಪ್, ಶುಗರ್‌ಹೌಸ್, ಏಪ್ರನ್, ಶುಗರ್ ಸ್ಯಾಂಡ್. ಇವುಗಳ ಜೊತೆಗೆ ‘ಬಡಿ ಸ್ಯಾಪ್’ ಮತ್ತು ‘ಮಡ್ ಸೀಸನ್’ ಕೂಡ ಬಾಕಿ ಇವೆ. ಬಲ್ಲವರು ತಿದ್ದಿಕೊಡಬೇಕು.

ಉತ್ತರ: ಸ್ಯಾಪ್ ಮತ್ತು ಟ್ಯಾಪ್

ಸೊನೆ ಬೇಡವೇ ಬೇಡ. ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವುದು ಸೊನೆ. ಅದು ಅಂಟುತ್ತದೆ, ತಾಗಿದಲ್ಲಿ ಚರ್ಮ ಸುಡುತ್ತದೆ. ಮೇಪಲ್‌ನಿಂದ ಇಳಿಯುವುದು ಬಾವಿಯ ನೀರಿನಷ್ಟೇ ತಿಳಿಯಾದ ದ್ರವ. ನಾಲಿಗೆಗೆ ಹಾಕಿಕೊಂಡರೆ ಸಿಹಿ ಇದೆಯೋ ಇಲ್ಲವೋ ಎಂದು ಯೋಚಿಸಬೇಕಾಗುತ್ತದೆ, ಏಕೆಂದರೆ ಅದರಲ್ಲಿ ಸಕ್ಕರೆ ಇರುವುದು ಸುಮಾರು 2 ಶೇಕಡ. ‘ಹಾಲು’ ಎಂದರೆ ರಬ್ಬರ್, ಅತ್ತಿ, ಕಳ್ಳಿಗಳ ಬಿಳಿ ದ್ರವ ನೆನಪಾಗುತ್ತದೆ. ‘ಕಬ್ಬಿನ ಹಾಲು’ ಎಂಬ ಬಳಕೆ ಇದೆ ನಿಜ, ಆದರೆ ಅದು ಗಾಣದಲ್ಲಿ ಹಿಂಡಿ ಬಂದದ್ದು. ‘ರಸ’ವೂ ಹಿಂಡಿದ್ದೇ. ಇಲ್ಲಿ ಯಾರೂ ಏನನ್ನೂ ಹಿಂಡುವುದಿಲ್ಲ.

‘ನೀರಾ’ ಹತ್ತಿರದ ಪದ ಅನ್ನಿಸುತ್ತದೆ, ಆದರೂ ಒಪ್ಪಲಾಗದು. ತೆಂಗು, ಈಚಲು, ಬೈನೆಯ ನೀರಾ ಮರದ ಆಹಾರ ಸಾಗುವ ನಾಳದಿಂದ ಬರುತ್ತದೆ, ಅದರಲ್ಲಿ ಸಕ್ಕರೆ 10 ಶೇಕಡಕ್ಕೂ ಹೆಚ್ಚು. ಮೇಪಲ್‌ನದು ಬೇರಿನಿಂದ ಮೇಲೇರುವ ನೀರಿನ ನಾಳದ್ದು, ಸಿಪ್ಪೆಯ ಒಳಗಿನ ಬಿಳಿ ಮರದಲ್ಲಿರುವುದು. ‘ನೀರಾ’ ಎಂದು ಬರೆದರೆ ಓದುಗರು ಹತ್ತು ಲೀಟರ್‌ಗೆ ಒಂದು ಲೀಟರ್ ಪಾಕ ಬಂದೀತೆಂದು ಲೆಕ್ಕ ಹಾಕಿ ಸೌದೆ ಸಾಲದೆ ಕಷ್ಟಪಡುತ್ತಾರೆ. ನಿಜವಾದ ಲೆಕ್ಕ ಹೀಗೆ: 86ನ್ನು ಸಕ್ಕರೆಯ ಶೇಕಡದಿಂದ ಭಾಗಿಸಿ. 2 ಶೇಕಡ ಇದ್ದರೆ 43 ಲೀಟರ್ ಬತ್ತಿಸಿದಾಗ 1 ಲೀಟರ್, 3 ಶೇಕಡ ಇದ್ದರೆ ಸುಮಾರು 29 ಲೀಟರ್‌ಗೆ 1 ಲೀಟರ್.

ಕೆನಡಾದ ಕ್ವೆಬೆಕ್‌ನ ಫ್ರೆಂಚ್ ಜನ ಇದನ್ನು ‘ಓ ದೇರಾಬ್ಲ್’ ಅನ್ನುತ್ತಾರೆ, ಅಂದರೆ ಮೇಪಲ್ ನೀರು. ಕನ್ನಡದಲ್ಲೂ ‘ಮೇಪಲ್ ನೀರು’ ಎಂದೇ ಬರೆಯಿರಿ. ಮತ್ತೆ ಮತ್ತೆ ಬರುವಲ್ಲಿ ‘ಮರನೀರು’ ಸಾಕು.

‘ನಲ್ಲಿ’ ತಪ್ಪು. ನಲ್ಲಿಯೆಂದರೆ ತಿರುಗಿಸಿ ತೆರೆದು ಮುಚ್ಚುವುದು. ಮೇಪಲ್‌ಗೆ ಬಡಿಯುವುದು ಬರಿಯ ‘ನಳಿಗೆ’, ಅದಕ್ಕೆ ತಿರುಪು ಇಲ್ಲ. ನೀರು ಇಳಿಯುವುದು, ನಿಲ್ಲುವುದು ಹವೆಯ ಕೈಯಲ್ಲಿದೆ. ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಾಗ ಕೊಂಬೆಗಳ ಮರದೆಳೆಗಳಲ್ಲಿ ಹಿಮಗಟ್ಟಿ, ಅಲ್ಲಿನ ಗಾಳಿ ಅಮುಕಿಕೊಳ್ಳುತ್ತದೆ, ಬೇರಿನಿಂದ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಹಗಲು 4–5 ಡಿಗ್ರಿ ಸೆಲ್ಸಿಯಸ್ ಆದಾಗ ಹಿಮ ಕರಗಿ, ಅಮುಕಿದ್ದ ಗಾಳಿ ಹಿಗ್ಗಿ, ತೂತು ಸಿಕ್ಕಿದಲ್ಲಿ ನೀರನ್ನು ಹೊರದೂಡುತ್ತದೆ. ರಾತ್ರಿ ಹೆಪ್ಪುಗಟ್ಟದೆ ನಾಲ್ಕು ದಿನ ಕಳೆದರೆ ನಳಿಗೆ ಒಣಗುತ್ತದೆ. ಆದ್ದರಿಂದ ‘ಸ್ಯಾಪ್ ರನ್’ ಎಂಬುದಕ್ಕೆ ‘ನೀರಿಳಿತ’ ಅಂದರೆ ಸರಿಹೋಗುತ್ತದೆ.

ಕ್ರಿಯಾಪದದ ವಿಷಯ. ಈಚಲನ್ನು ಕೆತ್ತುತ್ತಾರೆ, ರಬ್ಬರನ್ನು ಸೀಳುತ್ತಾರೆ, ಬೈನೆಯ ಹೂಗೊನೆಯನ್ನು ದಿನವೂ ತೆಳ್ಳಗೆ ಕೊಯ್ಯುತ್ತಾರೆ. ಮೇಪಲ್‌ನಲ್ಲಿ ಇದಾವುದೂ ಇಲ್ಲ. ಹಂಗಾಮಿಗೆ ಒಮ್ಮೆ ‘ಕೊರೆಯುವುದು’, ಆಮೇಲೆ ‘ಇಳಿಸುವುದು’. ಕೊರೆಯುವ ಕಡೆ ಅಳತೆ ಬಿಡದೆ ಹಾಕಿ. ಎದೆಯೆತ್ತರದಲ್ಲಿ ಕಾಂಡದ ಅಡ್ಡಳತೆ ಕನಿಷ್ಠ 25–30 ಸೆಂಟಿಮೀಟರ್ ಇರಬೇಕು, ಅಷ್ಟಿದ್ದರೆ ಒಂದೇ ತೂತು. 45 ದಾಟಿದರೆ ಎರಡು. ಈಗಿನ ನಳಿಗೆಗೆ ತೂತು 8 ಮಿಲಿಮೀಟರ್ ಅಗಲ, 4–5 ಸೆಂಟಿಮೀಟರ್ ಆಳ, ನೀರು ತಾನಾಗಿ ಹೊರಬರುವಂತೆ ಒಳತುದಿ ತುಸು ಮೇಲಕ್ಕೆ. ಬೈರಿಗೆಯಿಂದ ಬರುವ ಹೊಟ್ಟು ಕೆನೆಬಣ್ಣದ್ದಾದರೆ ಜೀವಂತ ಮರ. ಕಂದು ಹೊಟ್ಟು ಬಂದರೆ ಹಳೆಯ ತೂತಿನ ಕಲೆ ಸಿಕ್ಕಿದೆ, ಅಲ್ಲಿ ನೀರಿಳಿಯದು. ಹಳೆಯ ಗಾಯದ ಮೇಲೂ ಕೆಳಗೂ ಉದ್ದಕ್ಕೆ ಆ ಸತ್ತ ಪಟ್ಟಿ ಹಬ್ಬಿರುತ್ತದೆ, ಹಾಗಾಗಿ ಹೊಸ ತೂತನ್ನು ಪಕ್ಕಕ್ಕೂ ಸರಿಸಬೇಕು, ನೇರ ಮೇಲೆ ಕೊರೆದರೆ ಪ್ರಯೋಜನವಿಲ್ಲ. ನಳಿಗೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸದ್ದು ಬದಲಾದ ಕೂಡಲೆ ನಿಲ್ಲಿಸಬೇಕು. ಇನ್ನೊಂದು ಏಟು ಹೆಚ್ಚಾದರೆ ಮರ ಸೀಳಿ ನೀರು ಪಕ್ಕದಿಂದ ಸೋರುತ್ತದೆ.

ಇನ್ನು, ‘ಸಾವಿರ ಟ್ಯಾಪ್ಸ್ ಇರುವ ತೋಟ’ ಎಂದು ಮೂಲದಲ್ಲಿದ್ದರೆ ಅದನ್ನು ‘ಸಾವಿರ ನಳಿಗೆ’ ಅನ್ನಿ, ಸಾವಿರ ಮರ ಅನ್ನಬೇಡಿ.

ಉತ್ತರ: ಆಲೆಮನೆ, ಪೊದೆ, ಪಾಕ

ಮೇಲಿನದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ‘ಆಲೆಮನೆ’ಯನ್ನು ಚರ್ಚೆಯಿಲ್ಲದೆ ಬಿಡಬಾರದು. ಆಲೆ ಎಂದರೆ ಕಬ್ಬು ಅರೆಯುವ ಗಾಣ. ಗಾಣವೇ ಇಲ್ಲದ ಮನೆ ಆಲೆಮನೆ ಹೇಗಾದೀತು? ಶುಗರ್‌ಹೌಸ್‌ನ ಜೀವಾಳ ಇರುವುದು ಬತ್ತಿಸುವುದರಲ್ಲಿ, ಮಾಡಿನ ಮೇಲೆ ಹಬೆ ಹೋಗಲೆಂದು ತೆರೆಯುವ ಗೂಡಿರುವುದೂ ಅದಕ್ಕೇ. ಉತ್ತರ ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಲ್ಲಿ ಈ ತಾಣಕ್ಕೆ ‘ಇಸ್ಕಿಗಮಿಝಿಗನ್’ ಎಂಬ ಹೆಸರು. ಅದು ಕುದಿಸಿ ಬತ್ತಿಸು ಎಂಬ ಕ್ರಿಯಾಪದದಿಂದಲೇ ಹುಟ್ಟಿದ್ದು. ‘ಪಾಕಶಾಲೆ’ ಅಡುಗೆಮನೆಯಾಗಿಬಿಟ್ಟಿದೆ, ಅದು ಸಿಗದು. ‘ಸಕ್ಕರೆಮನೆ’ ಎಂದು ಇಟ್ಟು, ಮೊದಲ ಸಲ ಬಂದಾಗ ‘ನಮ್ಮ ಆಲೆಮನೆಯ ಹಾಗೆ, ಆದರೆ ಗಾಣವಿಲ್ಲದ್ದು’ ಎಂದು ಒಂದು ಮಾತು ಸೇರಿಸಿ.

ಅಲ್ಲಿನ ಒಲೆಯ ಪಾತ್ರೆಗೂ ‘ಕೊಪ್ಪರಿಗೆ’ ಬೇಡ. ಕೊಪ್ಪರಿಗೆಯಲ್ಲಿ ಒಂದು ಸಲ ತುಂಬಿದ್ದು ಪೂರ್ತಿ ಹದಕ್ಕೆ ಬಂದ ಮೇಲೆ ಇಳಿಸಿ ಇನ್ನೊಂದಕ್ಕೆ ಹೊರಡುತ್ತಾರೆ. ಸಕ್ಕರೆಮನೆಯದು ಉದ್ದನೆಯ, ಅಡ್ಡಗೋಡೆಗಳಿರುವ ತಗಡಿನ ತೊಟ್ಟಿ. ಹಿಂದಿನ ತೊಟ್ಟಿಯ ತಳಕ್ಕೆ ಆಳವಾದ ಮಡಿಕೆಗಳಿರುತ್ತವೆ, ಬೆಂಕಿ ತಾಗುವ ಜಾಗ ಹೆಚ್ಚಲೆಂದು. ಹಸಿ ನೀರು ಹಿಂದಿನಿಂದ ಬರುತ್ತಲೇ ಇರುತ್ತದೆ, ಸಿಹಿಯಾಗುತ್ತ ಮುಂದಿನ ಸಪಾಟು ತೊಟ್ಟಿಗೆ ಸರಿಯುತ್ತದೆ, ಹದವಾದಷ್ಟನ್ನು ಮಾತ್ರ ಮುಂದಿನ ಮೂಲೆಯಿಂದ ತೆಗೆಯುತ್ತಾರೆ. ತೊಟ್ಟಿಯಲ್ಲಿ 2.5ರಿಂದ 5 ಸೆಂಟಿಮೀಟರ್ ಆಳ ಯಾವಾಗಲೂ ಇರಬೇಕು. ಅದು ಇಳಿದರೆ ಕೆಲವೇ ನಿಮಿಷದಲ್ಲಿ ಪಾಕ ಸೀದು ತಗಡೂ ಹಾಳಾಗುತ್ತದೆ. ‘ಬತ್ತಿಸುವ ತೊಟ್ಟಿ’ ಎಂದರೆ ಓದುಗರಿಗೆ ತಿಳಿಯುತ್ತದೆ. ನೊರೆ ಉಕ್ಕಿ ಬಂದರೆ ಬೆಣ್ಣೆಯ ಒಂದು ಸಣ್ಣ ತುಣುಕು ಸಾಕು.

‘ಸಕ್ಕರೆ ಪೊದೆ’ ದೊಡ್ಡ ತಪ್ಪು. ಅಮೆರಿಕದ ಬಳಕೆಯಲ್ಲಿ ‘ಬುಷ್’ ಎಂದರೆ ಕಾಡು. ಶುಗರ್ ಮೇಪಲ್ ಆಳೆತ್ತರದ ಗಿಡವಲ್ಲ, 25–30 ಮೀಟರ್ ಬೆಳೆಯುವ ಮರ. ‘ತೋಪು’ ಅನ್ನಬಹುದು, ಆದರೆ ತೋಪನ್ನು ನೆಟ್ಟು ಬೆಳೆಸಿರುತ್ತಾರೆ. ಶುಗರ್‌ಬುಷ್ ತಾನಾಗಿ ಬೆಳೆದ ಕಾಡು, ಬೇಡದ ಮರ ತೆಗೆದು ಮೇಪಲ್‌ಗೆ ಬೆಳಕು ಬಿಟ್ಟದ್ದು. ಸೊರಬ, ಸಿದ್ದಾಪುರದ ಕಡೆಯ ‘ಕಾನು’ ಇದಕ್ಕೆ ಸರಿಯಾಗಿ ಕೂರುತ್ತದೆ: ಕಾಡೂ ಹೌದು, ಊರಿನವರ ಕೈ ಆಡಿದ ಕಾಡೂ ಹೌದು. ‘ಮೇಪಲ್ ಕಾನು’ ನನ್ನ ಆಯ್ಕೆ.

ಈಗ ಮುಖ್ಯವಾದ ಪಾಕದ ಹದ. ಮೇಪಲ್ ಸಿರಪ್‌ಗೆ ‘ಕಾಕಂಬಿ’ ಎಂದು ಕೆಲವರು ಬರೆದದ್ದುಂಟು. ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ, ಇದರಲ್ಲಿ ಏನನ್ನೂ ತೆಗೆದಿಲ್ಲ. ಇದರ ನಿಜವಾದ ನೆಂಟ ಮಲೆನಾಡಿನ ಜೋನಿಬೆಲ್ಲ: ಪೂರ್ತಿ ದ್ರವವನ್ನು ಬತ್ತಿಸಿ, ಗಟ್ಟಿಯಾಗುವುದಕ್ಕೆ ಬಹಳ ಮೊದಲೇ ಇಳಿಸಿದ್ದು. ಹೆಸರು ‘ಮೇಪಲ್ ಸಿರಪ್’ ಎಂದೇ ಇರಲಿ, ಅಂಗಡಿಯ ಶೀಸೆಯ ಮೇಲೂ ಅದೇ ಇದೆ. ವಿವರಣೆಯಲ್ಲಿ ‘ಪಾಕ’, ‘ಜೋನಿ’ ಬಳಸಿ.

ಆದರೆ ‘ಎಳೆಪಾಕ’ ಅಲ್ಲ. ಏಪ್ರನ್ ಎಂಬುದು ಬೆರಳಿನ ಪರೀಕ್ಷೆಯೇ ಅಲ್ಲ. ಅಗಲವಾದ ತಗಡಿನ ಸೌಟನ್ನು ಪಾಕದಲ್ಲಿ ಅದ್ದಿ ಎತ್ತಿ ವಾರೆಯಾಗಿ ಹಿಡಿದಾಗ, ಹನಿಗಳು ಬಿಡಿಬಿಡಿಯಾಗಿ ಬೀಳದೆ ಒಂದಕ್ಕೊಂದು ಕೂಡಿ ಅಂಚಿನಿಂದ ತೆಳು ಹಾಳೆಯಂತೆ ತೂಗುವುದು. ‘ಹಾಳೆಹದ’ ಅನ್ನೋಣ. ಎಳೆ ನೋಡುತ್ತ ಕೂತರೆ ಹದ ದಾಟುತ್ತದೆ, ಏಕೆಂದರೆ ಇಲ್ಲಿ ಸಿಗುವ ಅಂತರ ಬಹಳ ಕಿರಿದು. ಸಿರಪ್‌ನಲ್ಲಿ ಸಕ್ಕರೆ 66–67 ಶೇಕಡ ಇರಬೇಕು, ವರ್ಮಾಂಟ್‌ನ ನಿಯಮದಲ್ಲಿ ಕನಿಷ್ಠ 66.9. ಕಡಿಮೆಯಾದರೆ ಶೀಸೆಯಲ್ಲಿ ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಹೆಚ್ಚಾದರೆ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ.

ಥರ್ಮಾಮೀಟರ್ ಇಟ್ಟುಕೊಂಡವರಿಗೆ: ನೀರು ಕುದಿಯುವ ಬಿಸಿಗಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ. ಇದನ್ನು ‘104 ಡಿಗ್ರಿ’ ಎಂದು ಒಂದೇ ಸಂಖ್ಯೆಯಾಗಿ ಅಚ್ಚು ಹಾಕಬೇಡಿ. ಬೆಟ್ಟದ ಮೇಲೆ 600 ಮೀಟರ್ ಎತ್ತರದಲ್ಲಿ ನೀರು ಸುಮಾರು 98ಕ್ಕೇ ಕುದಿಯುತ್ತದೆ, ಅಲ್ಲಿ 102ಕ್ಕೇ ಸಿರಪ್ ಸಿದ್ಧ. ಮೋಡ ಕವಿದ ದಿನ ಗಾಳಿಯ ಒತ್ತಡ ಇಳಿದಾಗಲೂ ಅಂಕಿ ಸ್ವಲ್ಪ ಬದಲಾಗುತ್ತದೆ. ಪ್ರತಿದಿನ ಮೊದಲು ಬರಿ ನೀರು ಕುದಿಸಿ ನೋಡಿ, ಅಲ್ಲಿಂದ ನಾಲ್ಕು ಎಣಿಸಿ ಎಂದು ಬರೆಯಿರಿ.

ಇನ್ನೂ ಮುಂದೆ ಕಾಯಿಸಿ, ಸುಮಾರು 112 ಡಿಗ್ರಿಗೆ ತಂದು ಬಿಳಿ ಹಿಮದ ಮೇಲೆ ಗೆರೆಯಾಗಿ ಸುರಿದರೆ ಜಗಿಯುವ ಮಿಠಾಯಿಯಾಗುತ್ತದೆ. ಆ ಹದಕ್ಕೆ ನಮ್ಮಲ್ಲಿ ಸರಿಯಾದ ಹೋಲಿಕೆ ಇದೆ: ಕಜ್ಜಾಯದ ಪಾಕ. ನೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆಯ ಉಂಡೆಯಾಗಬೇಕು. ‘ಮಂಜಿನ ಮೇಲೆ’ ಎಂದು ಮಾತ್ರ ಬರೆಯಬೇಡಿ, ಕನ್ನಡದ ಮಂಜು ಕೊಡಗಿನ ಬೆಳಗಿನ ಮಂಜೂ ಆಗುತ್ತದೆ. ಇದರ ಜೊತೆ ಅಲ್ಲಿ ಡೋನಟ್, ಪಿಕಲ್ ಕೊಡುವುದು ರೂಢಿ. ಆ ಪಿಕಲ್ ನಮ್ಮ ಉಪ್ಪಿನಕಾಯಿಯಲ್ಲ, ಸಬ್ಬಸಿಗೆ ಹಾಕಿ ನೆನೆಸಿದ ಹುಳಿ ಸೌತೆಕಾಯಿ. ಸಿಹಿ ಬಾಯಿ ಕಟ್ಟಿದಾಗ ಅದನ್ನು ಕಚ್ಚುತ್ತಾರೆ.

ಉತ್ತರ: ಮರಳು, ಬಡಿ, ಕೆಸರು

‘ಸಕ್ಕರೆ ಮರಳು’ ಎಂದರೆ ಜನ ತಿನ್ನುವ ಸಕ್ಕರೆ ಅಂದುಕೊಂಡು ಉಳಿಸಿಕೊಳ್ಳುತ್ತಾರೆ. ಅದು ಮರನೀರಿನಲ್ಲಿದ್ದ ಸುಣ್ಣದಂಶ ಮ್ಯಾಲಿಕ್ ಆಮ್ಲದೊಡನೆ ಕೂಡಿ ತಳಕ್ಕಿಳಿದದ್ದು, ಬಾಯಿಗೆ ಹಾಕಿದರೆ ಕರಕರ ಅನ್ನುತ್ತದೆ. ತೊಟ್ಟಿಯ ತಳಕ್ಕೆ ಅಂಟಿ ಸೀಯುವುದಕ್ಕೂ ಅದೇ ಕಾರಣ. ತುಪ್ಪ ಕಾಯಿಸಿದಾಗ ತಳದಲ್ಲಿ ನಿಲ್ಲುವುದನ್ನು ‘ಗಸಿ’ ಅನ್ನುವುದಿಲ್ಲವೇ, ಇಲ್ಲೂ ‘ಗಸಿ’ ಸಾಕು. ಮೂಲದಲ್ಲಿ ಕೆಲವೆಡೆ ‘ನೈಟರ್’ ಎಂದೂ ಇರಬಹುದು. ಅದೂ ಇದೇ ಗಸಿ, ನಿಘಂಟು ನೋಡಿ ‘ಪೆಟ್ಲುಪ್ಪು’ ಎಂದು ಮಾಡಬೇಡಿ.

‘ಬಡಿ’ ಬಂದದ್ದು ಮೊಗ್ಗು ಎಂಬ ಅರ್ಥದ ‘ಬಡ್’ ಪದದಿಂದ. ಮೊಗ್ಗು ಉಬ್ಬುವ ಹೊತ್ತಿಗೆ ಮರನೀರಿನ ಅಮೈನೋ ಆಮ್ಲಗಳು ಬದಲಾಗಿ ಪಾಕಕ್ಕೆ ಕೆಟ್ಟ ವಾಸನೆ ಬರುತ್ತದೆ. ಎಷ್ಟು ಕುದಿಸಿದರೂ ಅದು ಹೋಗದು. ‘ಮೊಗ್ಗುವಾಸನೆಯ ನೀರು’ ಅನ್ನಿ, ಅಂದೇ ನಳಿಗೆ ಕಿತ್ತುಬಿಡಬೇಕು ಎಂದೂ ಬರೆಯಿರಿ. ಇದಕ್ಕೂ ಬಣ್ಣಕ್ಕೂ ಸಂಬಂಧ ಕಲ್ಪಿಸಬಾರದು. ಹವೆ ಬೆಚ್ಚಗಾದಂತೆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಒಡೆಯುತ್ತವೆ, ಅದರಿಂದ ಕಡೆಕಡೆಯ ಸಿರಪ್ ಕಪ್ಪಾಗಿ, ರುಚಿ ಗಾಢವಾಗುತ್ತದೆ. 2014ರಿಂದ ವರ್ಮಾಂಟ್‌ನಲ್ಲಿ ಹೊನ್ನಬಣ್ಣದಿಂದ ಕಡುಗಪ್ಪಿನವರೆಗಿನ ನಾಲ್ಕೂ ‘ಎ’ ದರ್ಜೆಯವೇ. ‘ಡಾರ್ಕ್’ ಎಂಬುದನ್ನು ‘ಕಳಪೆ’ ಎಂಬ ಧ್ವನಿ ಬರುವಂತೆ ಅನುವಾದಿಸಬೇಡಿ.

ಇಡೀ ಹಂಗಾಮಿಗೆ ‘ವಸಂತ’ ಬಳಸಿದರೆ ಮಾವಿನ ಚಿಗುರು, ಕೋಗಿಲೆ ಬಂದು ಕೂರುತ್ತವೆ. ಅಲ್ಲಿ ಆಗ ಮೊಣಕಾಲುದ್ದ ಹಿಮ. ಮಾರ್ಚ್ ಮೊದಲ ಮಂಗಳವಾರದ ಊರಸಭೆಯ ದಿನದ ಆಸುಪಾಸಿನಲ್ಲಿ ಮರ ಕೊರೆಯುವುದು ಅಲ್ಲಿನ ಹಳೆಯ ಲೆಕ್ಕ. ‘ಮೇಪಲ್ ಸುಗ್ಗಿ’ ಎಂದರೆ ಕೆಲಸವೂ ಕಾಲವೂ ಒಟ್ಟಿಗೆ ಬರುತ್ತವೆ.

‘ಮಡ್ ಸೀಸನ್’ಗೆ ‘ಕೆಸರುಗಾಲ’ ಚೆನ್ನಾಗಿದೆ, ಆದರೆ ನಮ್ಮ ಓದುಗರು ಮಳೆಯನ್ನು ನೆನೆಯುತ್ತಾರೆ. ಅಲ್ಲಿ ಮಳೆಯಿಲ್ಲದೆಯೂ ಕೆಸರು. ಮೇಲಿನ ಮಣ್ಣು ಕರಗಿರುತ್ತದೆ, ಕೆಳಗಿನದು ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ, ನಡುವಿನ ನೀರಿಗೆ ಇಂಗಲು ದಾರಿಯಿಲ್ಲ. ಆಗ ಎತ್ತರದ ಕಾಲುದಾರಿಗಳಿಂದ ದೂರವಿರಿ ಎಂದು, ಅಲ್ಲಿನ ಕಾಲುದಾರಿಗಳನ್ನು ನೋಡಿಕೊಳ್ಳುವ ಗ್ರೀನ್ ಮೌಂಟನ್ ಕ್ಲಬ್ ಮೇ ಕೊನೆಯ ತನಕ ಕೇಳಿಕೊಳ್ಳುತ್ತದೆ. ಕೆಸರು ತಪ್ಪಿಸಲು ಅಂಚಿನ ಗಿಡ ತುಳಿದರೆ ದಾರಿ ಅಗಲವಾಗಿ ಮಣ್ಣು ಕೊಚ್ಚಿಹೋಗುತ್ತದೆ, ಅಂಥಲ್ಲಿ ಹಿಂದಿರುಗುವುದೇ ಸರಿ. ಕಾನಿನೊಳಗೆ ನಳಿಗೆ ನೋಡಲು ಹೋಗುವವರಿಗೆ ಇನ್ನೊಂದು ಮಾತು ಸೇರಿಸಿ: ಬೆಳಗ್ಗೆ ಗಟ್ಟಿಯಿದ್ದ ಹಿಮ ಮಧ್ಯಾಹ್ನಕ್ಕೆ ಸಡಿಲವಾಗಿ ಕಾಲು ತೊಡೆಯವರೆಗೆ ಹೂತುಹೋಗುತ್ತದೆ, ಹಿಮದಲ್ಲಿ ಹೂಳದಂತೆ ಪಾದಕ್ಕೆ ಕಟ್ಟುವ ಅಗಲವಾದ ಸ್ನೋಶೂ ಕಟ್ಟಿಕೊಂಡೇ ಹೊರಡಬೇಕು.

ಪ್ರಶ್ನೆ ಕೇಳಿದವರಿಂದ

ಉಪಕಾರವಾಯಿತು. ತಿದ್ದಿದ ವಾಕ್ಯ: “ಮೇಪಲ್ ಕಾನಿನ ಮರಗಳನ್ನು ಕೊರೆದು, ನಳಿಗೆ ಬಡಿದು ಮರನೀರು ಇಳಿಸಿ, ಸಕ್ಕರೆಮನೆಯಲ್ಲಿ ಹಾಳೆಹದ ಬರುವವರೆಗೆ ಬತ್ತಿಸಿ, ಗಸಿಯನ್ನು ಬಟ್ಟೆಯಲ್ಲಿ ಸೋಸಿ ತೆಗೆಯಿರಿ.”

ಉತ್ತರ

‘ಬಟ್ಟೆ’ ಒಂದು ಉಳಿಯಿತು. ಪಂಚೆಯಲ್ಲೋ ಮಸ್ಲಿನ್‌ನಲ್ಲೋ ಈ ಗಸಿ ನಿಲ್ಲುವುದಿಲ್ಲ, ಅಷ್ಟು ನುಣುಪು. ಬೇಕಾದದ್ದು ದಪ್ಪನೆಯ ಫೆಲ್ಟ್, ನಮ್ಮ ಕಂಬಳಿಯಂತೆ ಒತ್ತಾದದ್ದು, ಅದರೊಳಗೆ ಕಾಗದದಂಥ ತೆಳು ಸೋಸುಬಟ್ಟೆಯ ಒಂದು ಪದರ. ಅದನ್ನು ಬಿಸಿನೀರಿನಲ್ಲಿ ಮಾತ್ರ ತೊಳೆಯಬೇಕು. ಸೋಪು ಹಾಕಿದರೆ ಅದರ ವಾಸನೆ ಮುಂದಿನ ಪಾಕಕ್ಕೆಲ್ಲ ಹತ್ತುತ್ತದೆ. ‘ಬಿಸಿಯಿರುವಾಗಲೇ’ ಎಂಬ ಪದವನ್ನೂ ವಾಕ್ಯಕ್ಕೆ ಸೇರಿಸಿ, ತಣಿದ ಸಿರಪ್ ಫೆಲ್ಟ್‌ನಲ್ಲಿ ಇಳಿಯುವುದೇ ಇಲ್ಲ. ಶೀಸೆಗೆ ತುಂಬುವಾಗಲೂ 82 ಡಿಗ್ರಿಗಿಂತ ಕೆಳಗೆ ಬರಬಾರದು. ಮುಚ್ಚಳ ಬಿಗಿದ ಮೇಲೆ ಶೀಸೆಯನ್ನು ಸ್ವಲ್ಪ ಹೊತ್ತು ಅಡ್ಡ ಮಲಗಿಸಿ, ಮುಚ್ಚಳದ ಒಳಭಾಗಕ್ಕೂ ಆ ಬಿಸಿ ತಾಗಲಿ.