ಅಮೆರಿಕದ ಕಡಲಲ್ಲಿ ತೈಲ ಬಾವಿ: ನಿಷೇಧ ತೆಗೆದರೆ ಬೆಲೆ ಇಳಿಯುತ್ತಾ?

ಕಡಲಹಕ್ಕಿ: 2025ರ ಜನವರಿಯಲ್ಲಿ ಬೈಡನ್ ಕುರ್ಚಿ ಬಿಡುವ ಮುಂಚೆ 62.5 ಕೋಟಿ ಎಕರೆ ಸಮುದ್ರದಲ್ಲಿ ತೈಲಕ್ಕೆ ಹೊಸ ಗುತ್ತಿಗೆ ಬೇಡ ಅಂದರು. ಟ್ರಂಪ್ ಬಂದ ದಿನವೇ ಅದನ್ನು ರದ್ದು ಮಾಡಿದರು. ಇದರಿಂದ ಅಲ್ಲಿನವರಿಗೆ ಪೆಟ್ರೋಲ್ ನಿಜವಾಗಲೂ ಅಗ್ಗ ಆಗುತ್ತಾ, ಇಲ್ಲ ಸುಮ್ನೆ ರಾಜಕೀಯನಾ?

ಹಳೇ ಲೆಕ್ಕ: ಸದ್ಯಕ್ಕಂತೂ ಆಗಲ್ಲ. ಗುತ್ತಿಗೆ ಹರಾಜು, ಸರ್ವೆ, ಪರೀಕ್ಷೆಗೊಂದು ಬಾವಿ, ಪ್ಲಾಟ್‌ಫಾರ್ಮ್, ಪೈಪ್‌ಲೈನ್ ಎಲ್ಲಾ ಮುಗಿದು ಮೊದಲ ಬ್ಯಾರೆಲ್ ಬರುವಷ್ಟರಲ್ಲಿ ಎಷ್ಟೋ ವರ್ಷ ಹೋಗಿರುತ್ತದೆ. 2008ರ ಜುಲೈ ನೆನಪಿದೆಯಾ? ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು, ತಂದೆ ಬುಷ್ 1990ರಲ್ಲಿ ಕಡಲ ತೈಲಕ್ಕೆ ಹಾಕಿದ್ದ ತಡೆಯನ್ನು ಮಗ ಬುಷ್ ತೆಗೆದರು. ಡಿಸೆಂಬರ್‌ಗೆ ಬೆಲೆ 40ಕ್ಕಿಂತ ಕೆಳಗೆ. ಕಾರಣ ಹೊಸ ಬಾವಿಯಲ್ಲ, ಆರ್ಥಿಕ ಕುಸಿತ.

ಎದುರುಗಾಳಿ: ಬೆಲೆ ಒಂದೇ ನೋಡಿದರೆ ಹೇಗೆ? ಕೆಲಸ ಸಿಗುತ್ತದೆ, ಸರ್ಕಾರಕ್ಕೆ ರಾಯಲ್ಟಿ (ತೆಗೆದ ಎಣ್ಣೆಗೆ ಕಂಪನಿ ಕಟ್ಟುವ ಹಣ) ಬರುತ್ತದೆ, ಲೂಸಿಯಾನಾದಂಥ ರಾಜ್ಯಕ್ಕೂ ಪಾಲಿದೆ. ಕಾರು ಓಡಿಸೋದು ನಿಲ್ಲಿಸದೆ ಬಾವಿ ಮಾತ್ರ ಬೇಡ ಅಂದರೆ ಅದೇ ಎಣ್ಣೆ ಬೇರೆ ದೇಶದಿಂದ ಟ್ಯಾಂಕರ್‌ನಲ್ಲಿ ಬರುತ್ತದೆ, ಅಷ್ಟೇ ಅಲ್ವಾ?

ಹಳೇ ಲೆಕ್ಕ: ಒಪ್ಪಿದೆ, ಆದರೆ ಫ್ಲೋರಿಡಾದಲ್ಲಿ ಟ್ರಂಪ್ ಪಕ್ಷದ ರಿಪಬ್ಲಿಕನ್ನರೇ ಬೇಡ ಅಂತಾರಲ್ಲ. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನೋ ಕಡಲ ತೈಲ ಪ್ಲಾಟ್‌ಫಾರ್ಮ್ ಸ್ಫೋಟಿಸಿ 11 ಜನ ಸತ್ತರು, 87 ದಿನ ಎಣ್ಣೆ ಸುರಿಯಿತು, ಫ್ಲೋರಿಡಾದ ಪೆನ್ಸಕೋಲಾ ತೀರದ ಬಿಳಿ ಮರಳಿನ ಮೇಲೆ ಟಾರಿನ ಉಂಡೆಗಳು ಬಂದು ಬಿದ್ದವು. ಪ್ರವಾಸಿಗರನ್ನು ನಂಬಿಕೊಂಡ ಊರಿಗೆ ರಾಯಲ್ಟಿಯ ಆಸೆ ತೋರಿಸಿದರೆ ಏನು ಬಂತು? ಟ್ರಂಪ್ ಕೂಡ 2020ರ ಚುನಾವಣೆಗೆ ಮುಂಚೆ ಫ್ಲೋರಿಡಾ ಕರಾವಳಿಗೆ 2032ರವರೆಗೆ ತಡೆ ಹಾಕಿದ್ದರು. ಓಟಿನ ವಿಷಯ ಬಂದಾಗ ಎಲ್ಲರಿಗೂ ಕಡಲು ನೆನಪಾಗುತ್ತದೆ ಬಿಡಿ!